ಕೂತವರನ್ನು ಎಬ್ಬಿಸಿದ ವರ್ಷ

ಪರ್ತ್‌ನ ಬೋರ್ ನೀರಿಗೆ ಒಂದು ವಾಸನೆ ಇದೆ. ತುಕ್ಕು ಹಿಡಿದ ಬಕೆಟ್ಟಿನಲ್ಲಿ ಯಾರೋ ಮೊಟ್ಟೆ ಒಡೆದು ಮರೆತುಬಿಟ್ಟ ಹಾಗೆ. ಅಲ್ಲಿದ್ದಷ್ಟು ವರ್ಷವೂ ನಾನು ಅದನ್ನು ಬೈದುಕೊಂಡೇ ಬಾಳಿದವಳು. ಈಗ ನಾವು ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ನಲ್ಲಿದ್ದೇವೆ, ಇಲ್ಲಿ ಆ ಕಾಟ ಇಲ್ಲ. ಮೊನ್ನೆ ಗೆಳತಿಯೊಬ್ಬಳ ಮಗಳ ಮದುವೆಗೆ ಅಂತ ಪರ್ತ್‌ಗೆ ಹೋದಾಗ ಜೂಂಡಲಪ್‌ನ ನಮ್ಮ ಹಳೇ ಬೀದಿಯನ್ನೊಂದು ಸಲ ನೋಡೋಣ ಅಂತ ಕಾರು ತಿರುಗಿಸಿದೆ. ಯಾರದೋ ಮನೆ ಮುಂದಿನ ಹುಲ್ಲಿಗೆ ರೆಟಿಕ್ ಬಿಟ್ಟಿದ್ದರು. ಹುಲ್ಲಿಗೆ ನೀರು ಚಿಮ್ಮಿಸುವ ಪೈಪುಗಳಿಗೆ ಪರ್ತ್‌ನವರು ಇಟ್ಟುಕೊಂಡ ಹೆಸರು ಅದು. ಕಿಟಕಿ ಇಳಿಸಿದ್ದೇ ತಡ, ನಾತ ಒಳಗೆ ಬಂತು. ಪಕ್ಕದಲ್ಲಿದ್ದ ನಮ್ಮ ಅತ್ತೆ ಸೆರಗನ್ನು ಮೂಗಿಗೆ ಹಿಡಿದು, "ಇನ್ನೂ ಹಂಗೇ ಐತಲ್ಲವ್ವ" ಅಂದರು. ಆಮೇಲೆ ಸೆರಗು ತೆಗೆದು, ಬೇಕು ಅಂತಲೇ ಇನ್ನೊಮ್ಮೆ ಉಸಿರೆಳೆದುಕೊಂಡರು. ಇಬ್ಬರಿಗೂ ನಗು ಬಂತು. ನಮ್ಮಿಬ್ಬರಿಗೂ ಆ ವಾಸನೆ ಅಂದರೆ ಒಂದೇ ಒಂದು ವರ್ಷ.

ಕಬ್ಬಿಣದ ಅದಿರಿನ ಬೆಲೆ ಬಿದ್ದ ವರ್ಷ ಅದು, ಎರಡು ಸಾವಿರದ ಹದಿನೈದು. ನಾನು ಗಣಿ ಸರ್ವೇಯರ್. ಎರಡು ವಾರ ಉತ್ತರದ ಕೆಂಪು ಮಣ್ಣಿನಲ್ಲಿ ಕೆಲಸ, ಒಂದು ವಾರ ಜೂಂಡಲಪ್‌ನ ಮನೆಯಲ್ಲಿ ನಿದ್ದೆ. ಗಣಿಯ ಗುಂಡಿ ಇವತ್ತು ಎಷ್ಟು ಆಳ ಹೋಯಿತು, ಎಷ್ಟು ಮಣ್ಣು ಹೊರಗೆ ಬಂತು ಅಂತ ಅಳೆದು ಹೇಳುವುದು ನನ್ನ ಕಸುಬು. ಆ ವರ್ಷ ನಮ್ಮ ಕನ್ನಡದವರು ಎಲ್ಲಿ ಬಾರ್ಬಿಗೆ, ಅಂದರೆ ಹಿತ್ತಲ ಬಾರ್ಬೆಕ್ಯೂ ಊಟಕ್ಕೆ, ಸೇರಿದರೂ, ಬದನೆಕಾಯಿ ಸುಡುವ ಮೊದಲೇ, "ನಿಮ್ಮದು ಇದೆಯಾ, ಹೋಯ್ತಾ?" ಅನ್ನೋ ಮಾತು. ಏಪ್ರಿಲ್‌ನಲ್ಲಿ ನನ್ನ ಕೆಲಸವೂ ಹೋಯಿತು. ಗಂಡ ಮಹೇಶ್ ಅಲ್ಲೇ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರು, ಹಾಗಾಗಿ ಊಟಕ್ಕೇನೂ ತೊಂದರೆ ಇರಲಿಲ್ಲ. ಆದರೆ ಬೆಳಗ್ಗೆ ಎದ್ದು ಬೂಟು ಹಾಕಿ ಅಭ್ಯಾಸವಾದವಳಿಗೆ ಮನೆಯಲ್ಲಿ ಕೂತರೆ ಮೈ ಪರಚಿಕೊಳ್ಳುವ ಹಾಗಾಗುತ್ತೆ. ಒಂದೇ ವಾರದಲ್ಲಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಬಿಟ್ಟೆ. ಮಹೇಶ್ ಸಾಸಿವೆ ಹುಡುಕಿ ಹುಡುಕಿ, "ನಿನಗೆ ಬೇಗ ಒಂದು ಗುಂಡಿ ಸಿಗಲಿ ಮಾರಾಯ್ತಿ" ಅಂದ.

ಸಿಕ್ಕಿತು. ನನ್ನ ಹಳೇ ಬಾಸ್ ಮೂಲಕ ಅಡಿಲೇಡ್‌ನಿಂದ ಹೆಲೆನ್ ಅನ್ನುವ ಹೆಂಗಸಿನ ಫೋನು ಬಂತು. ಅಲ್ಲಿನ ಯೂನಿವರ್ಸಿಟಿಯೊಂದರಲ್ಲಿ ಪುರಾತತ್ವ ಕಲಿಸುವವಳು. ವರ್ಷಾ ವರ್ಷಾ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಇಟಲಿಯ ದಕ್ಷಿಣಕ್ಕೆ ಹೋಗಿ ರೋಮನ್ನರ ಕಾಲದ ಒಂದು ಸ್ಮಶಾನ ಅಗೆಯುತ್ತಿದ್ದಳು. ಒಂದು ಸಮಾಧಿಯ ಸಾವಿರಾರು ಫೋಟೋ ಇವೆ, ಅವನ್ನೆಲ್ಲ ಸೇರಿಸಿ ಕಂಪ್ಯೂಟರಿನಲ್ಲಿ ಆ ಸಮಾಧಿಯ ಮಾಡೆಲ್ ಕಟ್ಟಿಕೊಡಬೇಕು, ಆಗುತ್ತಾ ಅಂದಳು. ಗಣಿಯ ಮೇಲೆ ಡ್ರೋನ್ ಹಾರಿಸಿ, ಫೋಟೋ ತೆಗೆದು, ಗುಂಡಿಯ ಆಕಾರ ಕಟ್ಟುವುದನ್ನೇ ನಾನು ಅಷ್ಟು ವರ್ಷ ಮಾಡಿದ್ದು. ಒಂದೇ ವಸ್ತುವನ್ನು ಸುತ್ತಲಿಂದ, ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಬೀಳುವ ಹಾಗೆ ಫೋಟೋ ತೆಗೆದರೆ, ಕಂಪ್ಯೂಟರು ಅವನ್ನು ಹೊಂದಿಸಿಕೊಂಡು ಆ ವಸ್ತುವನ್ನೇ ಎದ್ದು ನಿಲ್ಲಿಸುತ್ತದೆ. ಆಮೇಲೆ ಅದನ್ನು ತಿರುಗಿಸಬಹುದು, ಅಳೆಯಬಹುದು, ಕೇಕಿನ ಹಾಗೆ ಕತ್ತರಿಸಿ ಒಳಗೆ ನೋಡಬಹುದು. "ಗುಂಡಿ ಅಂದರೆ ಗುಂಡಿ, ಕಳಿಸಿ" ಅಂದೆ.

ಹೆಲೆನ್ ಅವತ್ತೇ ಒಂದು ಮಾತು ಹೇಳಿದ್ದಳು. ಸಮಾಧಿಯನ್ನು ಒಂದು ಸಲ ಅಗೆದರೆ ಮುಗಿಯಿತು, ಅದು ಮತ್ತೆ ಇರುವುದಿಲ್ಲ. ಮೇಲೆ ಹೊದಿಸಿದ ಹೆಂಚು ಎತ್ತಿದೆ, ಮಣ್ಣು ತೆಗೆದೆ, ಎಲುಬು ತೆಗೆದೆ, ಉಳಿದದ್ದು ಬರೀ ಹಳ್ಳ. ಆದ್ದರಿಂದ ಒಂದೊಂದು ಪದರ ತೆಗೆಯುವ ಮೊದಲು ಸುತ್ತಲಿಂದ ಫೋಟೋ. ಮಾಡೆಲ್ಲಿನಲ್ಲಿ ಮಾತ್ರ ಆ ಮನುಷ್ಯ ಇನ್ನೂ ಇದ್ದ ಹಾಗೇ ಇರುತ್ತಾನೆ.

ಜೂನ್‌ನಲ್ಲಿ, ಪರ್ತ್‌ನ ಚಳಿಗಾಲದ ಮಳೆಯ ಜೊತೆಗೇ, ಅತ್ತೆ ದಾವಣಗೆರೆ ಕಡೆಯಿಂದ ಬಂದಿಳಿದರು. ಏರ್‌ಪೋರ್ಟಿನಲ್ಲಿ ಅವರ ಶೇಂಗಾ ಚಟ್ನಿಪುಡಿಯನ್ನು ಮೂಸಿ ನೋಡಿ ಬಿಟ್ಟುಕೊಟ್ಟ ನಾಯಿಯನ್ನು ಕಾರಿನಲ್ಲಿ ದಾರಿಯುದ್ದಕ್ಕೂ ಹೊಗಳಿದರು. ಮನೆಗೆ ಬಂದು ಕಾಲು ತೊಳೆದು, ಊಟದ ಟೇಬಲ್ಲಿಗೆ ಬಂದು ಕೂತರೆ, ನನ್ನ ದೊಡ್ಡ ಸ್ಕ್ರೀನಿನಲ್ಲಿ ಹೆಲೆನ್‌ಳ ರೋಮನ್ ಅಂಗಾತ ಮಲಗಿದ್ದಾನೆ.

"ಏನವ್ವ ಅದು?"

"ಮನುಷ್ಯ, ಅತ್ತೆ. ಹಳೇ ಕಾಲದವನು."

"ಊಟದ ಟೇಬಲ್ ಮ್ಯಾಲೆ?"

ಕೆಲಸ ಅಂತ ವಿವರಿಸಿದೆ. ಅವರು ಪೂರ್ತಿ ಕೇಳಿ, "ಆತು, ಕೆಲಸ ಮಾಡು. ಮುಗಿದ ಮ್ಯಾಲೆ ತಲೆ ಮ್ಯಾಲೆ ನೀರು ಹಾಕ್ಕಂಡು ಬಂದು ಒಲೆ ಮುಟ್ಟು" ಅಂದರು. "ಅತ್ತೆ, ನಾವು ಲಿಂಗಾಯತರು, ನಮಗೆ ಸೂತಕ ಇಲ್ಲ" ಅಂತ ನಾನು ಶರಣರನ್ನು ಮುಂದೆ ಮಾಡಿದೆ. "ಶರಣರ ಮನೆಯಾಗೆ ಹೆಣ ಇಟ್ಕಂಡು ಉಪ್ಪಿಟ್ಟು ಮಾಡಿದ್ರಾ? ಹೋಗು, ಸ್ನಾನ ಮಾಡು." ಹಾಗೆ ಶುರುವಾಯಿತು. ದಿನಾ ಸಂಜೆ ಕಂಪ್ಯೂಟರ್ ಮುಚ್ಚಿದ ಮೇಲೆ ನಾನು ಎರಡನೇ ಸ್ನಾನ ಮಾಡಬೇಕು. ಅದು ಗೊತ್ತಾದಾಗ ಮಗಳು ಅನು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹತ್ತು ವರ್ಷದವಳು. ಅಜ್ಜಿಯ ಕನ್ನಡವೆಲ್ಲ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಬಟ್ ಅಜ್ಜಿ, ಹೀ ಈಸ್ ಜಸ್ಟ್ ಪಿಕ್ಸೆಲ್ಸ್" ಅಂದಳು. ಅತ್ತೆ ಅವಳಿಗೂ ಸ್ನಾನ ಮಾಡಿಸಿದರು.

ಅವರಿಗೆ ಆ ರೋಮನ್ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಬೇರೆ ಕಡೆ, ಅದು ನಮಗೆ ಗೊತ್ತಾದದ್ದು ವಾರದ ಮೇಲೆ, ಭಾವನ ಫೋನು ಬಂದಾಗ. ಮಹೇಶನ ಅಣ್ಣ ಬಸಣ್ಣ, ಊರಲ್ಲಿ ಹೊಲ ನೋಡಿಕೊಳ್ಳುವವರು. ನಮ್ಮ ಮಾವ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು, ಹೊಲದ ಅಂಚಿನಲ್ಲೇ ಅವರ ಸಮಾಧಿ. ನಮ್ಮಲ್ಲಿ ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಗುಂಡಿ ತೋಡಿ, ಅದರ ಗೋಡೆಯಲ್ಲಿ ಗೂಡು ಕೊರೆದು, ಕಾಲು ಮಡಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಪೂಜೆಗೆ ಕೂರುವ ಹಾಗೆ ಕೂರಿಸಿ, ವಿಭೂತಿ ಹಾಕಿ ಮುಚ್ಚುತ್ತಾರೆ. ಈಗ ಆ ಅಂಚಿನ ಮೇಲೇ ಬೈಪಾಸ್ ರಸ್ತೆ ಬರುತ್ತಿತ್ತು. ಸರ್ಕಾರದವರು ಗುರುತಿನ ಕಲ್ಲು ನೆಟ್ಟು ಹೋಗಿದ್ದರು. ಭಾವ ಹೊಲದ ಇನ್ನೊಂದು ಮೂಲೆಯಲ್ಲಿ ಜಾಗ ನೋಡಿಟ್ಟಿದ್ದರು. ಬೇಸಿಗೆಯೊಳಗೆ ಅಪ್ಪನನ್ನು ತೆಗೆದು ಅಲ್ಲಿಗೆ ಸಾಗಿಸದಿದ್ದರೆ ರಸ್ತೆಯವರ ಜೆಸಿಬಿ ಬರುತ್ತೆ ಅಂತ ಎಷ್ಟು ಸಲ ಹೇಳಿದರೂ ಅತ್ತೆ ಹೂಂ ಅನ್ನದೆ, ಬ್ಯಾಗು ಕಟ್ಟಿಕೊಂಡು ನಮ್ಮಲ್ಲಿಗೆ ಬಂದುಬಿಟ್ಟಿದ್ದರು.

"ಅವ್ವ ಹೂಂ ಅನ್ನದೆ ನಾನು ಒಂದು ಹಿಡಿ ಮಣ್ಣೂ ಮುಟ್ಟಂಗಿಲ್ಲ ಶೈಲಾ" ಅಂದರು ಭಾವ. "ನೀನರೆ ಹೇಳು."

ನಾನು ಹೇಳಿದೆ. ಅತ್ತೆ ಅವರೆಕಾಳು ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ಕೂತೋರನ್ನ ಎಬ್ಬಿಸ್ತಾರಂತೆ" ಅಂದರು. "ಬದುಕಿದ್ದಾಗ ನಿಮ್ಮ ಮಾವನ್ನ ಊಟಕ್ಕೆ ಕೂತಾಗ ಯಾರೂ ಎಬ್ಬಿಸಿದ್ದಿಲ್ಲ. ಫೋನ್ ಬಂದ್ರೂ ಎಬ್ಬಿಸಿದ್ದಿಲ್ಲ. ಪೂಜೆಗೆ ಕೂತೋರನ್ನ ಎಬ್ಬಿಸಿ, ಮೂಟೆ ಕಟ್ಟಿ, ಟ್ರ್ಯಾಕ್ಟರಾಗೆ ಹಾಕ್ಕಂಡು ಹೋಗ್ತಾರಂತೆ." ಅವರ ಪಕ್ಕ ಕೂತು ನಾನೂ ಕಾಳು ಬಿಡಿಸಿದೆ.

ಇತ್ತ ನನ್ನ ರೋಮನ್‌ನ ಕೆಲಸ ಜೋರಾಗಿ ಸಾಗಿತ್ತು. ಅವನ ಮೇಲೆ ದೊಡ್ಡ ದೊಡ್ಡ ಹೆಂಚುಗಳನ್ನು ಎರಡೂ ಕಡೆಯಿಂದ ಒರಗಿಸಿ, ಗುಡಿಸಲ ಮಾಡಿನ ಹಾಗೆ ಹೊದಿಸಿದ್ದರು. ಮೊದಲ ಮಾಡೆಲ್ಲು ಎಷ್ಟು ಚೊಕ್ಕವಾಗಿ ಬಂತು ಅಂದರೆ ನನಗೇ ಹೆಮ್ಮೆ. ಹೆಲೆನ್‌ಗೆ ಕಳಿಸಿ, ಹೊಗಳಿಕೆಗೆ ಕಾದು ಕೂತೆ. ವಿಡಿಯೋ ಕಾಲ್‌ನಲ್ಲಿ ಬಂದವಳು ಸ್ವಲ್ಪ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಶೈಲಾ, ತುಂಬ ಚೆನ್ನಾಗಿದೆ. ನನ್ನ ಪೈಪ್ ಎಲ್ಲಿ?" ಅಂದಳು.

ಯಾವ ಪೈಪು? ಫೋಟೋಗಳನ್ನು ತೆಗೆದು ನೋಡಿದರೆ, ಹೌದು, ಹೆಂಚುಗಳ ನಡುವಿನಿಂದ ಮೇಲಕ್ಕೆ ಬಂದ ಮಣ್ಣಿನ ಕೊಳವೆಯೊಂದು ಎಲ್ಲಾ ಫೋಟೋದಲ್ಲೂ ನಿಂತಿತ್ತು. ಆಗ ಹೊಳೆಯಿತು ನೋಡಿ. ಗಣಿಯಲ್ಲಿ ನಮ್ಮ ಮೊದಲ ಕೆಲಸವೇ ಕಸ ತೆಗೆಯುವುದು. ಗುಂಡಿಯಲ್ಲಿ ನಿಂತ ಲಾರಿ, ಲೈಟು ಕಂಬ, ನೀರಿನ ಪೈಪು, ಹಳದಿ ಅಂಗಿಯ ಮನುಷ್ಯರು, ನೆಲದಿಂದ ಮೇಲಕ್ಕೆ ಎದ್ದದ್ದೆಲ್ಲ ಕಸ. ಅದನ್ನು ಒರೆಸಿ ಬರೀ ನೆಲ ಉಳಿಸಬೇಕು. ಕೈ ಪಳಗಿ ಹೋಗಿತ್ತು. ರೋಮನ್‌ನ ಪೈಪನ್ನೂ ಹಾಗೇ ಗುಡಿಸಿ ಎಸೆದಿದ್ದೆ. ಹೆಲೆನ್‌ಳ ಇಡೀ ಪ್ರಶ್ನೆ ಇದ್ದದ್ದೇ ಆ ಪೈಪಿನ ಬಗ್ಗೆ. ಅದನ್ನು ಹೂಳುವಾಗಲೇ ಇಟ್ಟರೋ, ಆಮೇಲೆ ಯಾರಾದರೂ ಬಂದು ಸಮಾಧಿ ತೆರೆದು ಇಟ್ಟರೋ? ಮಾಡೆಲ್ಲನ್ನು ಕತ್ತರಿಸಿ ನೋಡಿದರೆ ಗೊತ್ತಾಗಬಹುದು ಅಂತ ಅವಳ ಆಸೆ. ನಾನು ಆಸೆಯನ್ನೇ ಕ್ಲೀನ್ ಮಾಡಿಟ್ಟಿದ್ದೆ. ಪುಣ್ಯಕ್ಕೆ ಅವಳು ಜೋರಾಗಿ ನಕ್ಕುಬಿಟ್ಟಳು. "ಎಲುಬನ್ನಾದರೂ ಉಳಿಸಿದ್ದೀಯಲ್ಲ, ಅಷ್ಟೇ ಸಾಕು" ಅಂದಳು.

ಮತ್ತೆ ಮೊದಲಿನಿಂದ ಕಟ್ಟಿದೆ. ಪೈಪು ಎದ್ದು ನಿಂತ ದಿನ ಅತ್ತೆ ಹಿಂದಿನಿಂದ ಬಂದು ನೋಡಿದರು. ಅವರು ಸ್ಕ್ರೀನಿನ ಕಡೆ ನೋಡುವುದೇ ಇಲ್ಲ ಅಂತ ನಾನು ಅಂದುಕೊಂಡಿದ್ದೆ, ದಿನಾ ನೋಡುತ್ತಿದ್ದರು ಅಂತ ಅವತ್ತು ಗೊತ್ತಾಯಿತು.

"ನಿನ್ನೆ ಇರ್ಲಿಲ್ಲ ಇದು. ಏನಿದು, ಹೊಗೆ ಕೊಳವೆನಾ?"

"ಅಲ್ಲ ಅತ್ತೆ. ಸತ್ತವರಿಗೆ ಅಂತ ಮೇಲಿಂದ ಹಾಲು, ಜೇನು, ದ್ರಾಕ್ಷಿ ರಸ ಹುಯ್ಯೋರಂತೆ. ಅದು ನೆಟ್ಟಗೆ ಅವರಿಗೆ ಮುಟ್ಟಲಿ ಅಂತ ಕೊಳವೆ."

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ನಮ್ಮ ಕಡೆ ಮಣ್ಣಾದ ಮೂರನೇ ದಿನಕ್ಕೆ ಸಮಾಧಿಗೆ ಹಾಲು ತುಪ್ಪ ಬಿಡುವುದುಂಟು. "ಹಾಲು ತುಪ್ಪ ಬಿಡೋ ಮಂದಿ ಅಂದ್ರೆ ನಮ್ಮೋರಂಗೇ ಆತಲ್ಲ" ಅಂದರು. "ನಾವು ಮಣ್ಣಿನ ಮ್ಯಾಲೆ ಬಿಟ್ಟು ಬರ್ತೀವಿ. ಇರುವೆ ತಿಂದವೋ, ಅವ್ರಿಗೆ ಮುಟ್ಟಿತೋ, ಯಾರಿಗೆ ಗೊತ್ತು. ಇವ್ರು ಬುದ್ಧಿವಂತ್ರು." ಅವತ್ತು ಸಂಜೆ ನಾನು ಟವೆಲ್ ತೆಗೆದುಕೊಂಡು ಬಚ್ಚಲಿಗೆ ಹೊರಟರೆ, "ಇರ್ಲಿ ಬಿಡು, ನೀರು ತಣ್ಣಗೈತೆ" ಅಂದರು. ಸ್ನಾನದ ಶಿಕ್ಷೆ ಅಲ್ಲಿಗೆ ಮುಗಿಯಿತು.

ಅಲ್ಲಿಂದ ಮುಂದೆ ಅತ್ತೆ ನನ್ನ ಅಸಿಸ್ಟೆಂಟು. ಬೆಳಗ್ಗೆ ಹೊರಗೆ ಮಳೆ, ಮನೆಗಳ ಬಿಳಿ ಗೋಡೆಗಳಿಗೆ ಬೋರ್ ನೀರು ಹಚ್ಚಿದ ಕೆಂಚು ಕಲೆ, ಒಳಗೆ ಹೀಟರ್ ಪಕ್ಕ ನಾವಿಬ್ಬರು. ನಾನು ಒಂದೊಂದೇ ಪದರ ಬಿಚ್ಚಿ ತೋರಿಸುವುದು, ಅವರು ನೂರು ಪ್ರಶ್ನೆ ಕೇಳುವುದು. ಹೆಂಚು ಎತ್ತುವಾಗ ಕೈ ತಪ್ಪಲಿಲ್ಲವಾ? ಬ್ರಷ್ ಹಿಡಿದವಳು ಯಾರು, ಮದುವೆ ಆಗಿದೆಯಾ? ಕಾಲಿನ ಸಣ್ಣ ಎಲುಬುಗಳನ್ನು ಎಲ್ಲಿ ಇಟ್ಟರು? ವಿದ್ಯಾರ್ಥಿಗಳು ಹೊಟ್ಟೆ ಮೇಲೆ ಮಲಗಿ, ಚಮಚದಲ್ಲಿ ಮಣ್ಣು ತೆಗೆಯುವ ಫೋಟೋ ನೋಡಿ, "ಹಸುಗೂಸಿಗೆ ಸ್ನಾನ ಮಾಡ್ಸಿದಂಗೆ ಮಾಡ್ತಾರಲ್ಲವ್ವ" ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡರು. ಮಹೇಶ್ ಕ್ಲಿನಿಕ್ಕಿನಿಂದ ಬಂದರೆ ಅವನಿಗೆ ಟೀ ಮಾಡಿಕೊಡುವವರು ಇಲ್ಲ. "ನನಗಿಂತ ಆ ರೋಮನ್ನಿಗೆ ಉಪಚಾರ ಜಾಸ್ತಿ ಆಯ್ತು" ಅಂತ ಗೊಣಗುತ್ತ ತಾನೇ ಮಾಡಿಕೊಂಡ.

ಪೈಪಿನ ಉತ್ತರ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಮಾಡೆಲ್ಲನ್ನು ನಡುವೆ ಕತ್ತರಿಸಿದರೆ, ಪೈಪಿನ ಸುತ್ತ ಇನ್ನೊಂದು ಸಣ್ಣ ಗುಂಡಿ ತೋಡಿದ ಗುರುತು ಸ್ಪಷ್ಟವಾಗಿ ಕಂಡಿತು. ಅದು ಹೆಂಚಿನ ತನಕ ಇಳಿದಿತ್ತು, ಒಂದು ಹೆಂಚನ್ನು ಸರಿಸಿದ್ದರು, ಕೆಳಗಿದ್ದವನನ್ನು ಮಾತ್ರ ಒಂದು ಕೂದಲಷ್ಟೂ ಅಲುಗಿಸಿರಲಿಲ್ಲ. ಅಂದರೆ ಹೂತು ಎಷ್ಟೋ ಕಾಲದ ಮೇಲೆ ಯಾರೋ ಬಂದು, ಸಮಾಧಿ ತೆರೆದು, ಪೈಪು ಇಟ್ಟು, ಮತ್ತೆ ಮುಚ್ಚಿ ಹೋಗಿದ್ದರು. ಹೆಲೆನ್ ಖುಷಿಗೆ ಕೂಗಿಕೊಂಡಿದ್ದು ಅಡುಗೆಮನೆವರೆಗೂ ಕೇಳಿತು. ಅತ್ತೆಗೆ ವಿಷಯ ಹೇಳಿದೆ.

"ಹೆಂಡ್ತಿನೇ ಇರ್ಬೇಕು" ಅಂದರು. "ಅಷ್ಟು ವರ್ಷ ಆದ್ಮ್ಯಾಲೆ ಇನ್ಯಾರು ಬರ್ತಾರೆ." ಆಮೇಲೆ, "ಹಂಗಾರೆ ತೆರೀಬಹುದು ಅನ್ನು" ಅಂದರು. ನಾನು ಮುಂದಿನ ಫೋಟೋ ತೆರೆದೆ. ಆಗ ಊರಿನ ಮಾತು ಎತ್ತಿದ್ದರೆ ಕೆಡುತ್ತಿತ್ತು.

ಅಕ್ಟೋಬರಿನ ಸ್ಕೂಲು ರಜೆಯಲ್ಲಿ, ಯೂನಿವರ್ಸಿಟಿಯವರ ಎದುರು ಮಾಡೆಲ್ ತೋರಿಸಲು ಹೆಲೆನ್ ನನ್ನನ್ನು ಅಡಿಲೇಡಿಗೆ ಕರೆದಳು. ಅತ್ತೆ, ಅನು ಇಬ್ಬರೂ ಜೊತೆಗೆ ಹೊರಟರು. ಅತ್ತೆ ರೇಷ್ಮೆ ಸೀರೆ ಉಟ್ಟು, ಮೊದಲ ಸಾಲಿನಲ್ಲಿ ಕೂತು, ಮಾಡೆಲ್ ತಿರುಗಿದಾಗಲೆಲ್ಲ ತಮ್ಮದೇ ಹೊಲ ತೋರಿಸುತ್ತಿದ್ದ ಹಾಗೆ ಅಕ್ಕಪಕ್ಕದವರ ಮುಖ ನೋಡುತ್ತಿದ್ದರು. ಮುಗಿದ ಮೇಲೆ ಹೊರಗೆ ಜಕರಂದಾ ಮರದ ಕೆಳಗೆ ಹೆಲೆನ್ ಟೀ ತಂದುಕೊಟ್ಟಳು. ಅತ್ತೆ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕಡೆ ತಿರುಗಿದರು.

"ಕೇಳವ್ವ ಇವಳ್ನ. ಅವನ್ನ ತೆಗೆಯೋಕೆ ಮುಂಚೆ ಅವನಿಗೆ ಹೇಳಿದ್ಲಾ ಅಂತ."

ನನಗೆ ಮುಜುಗರ. ಆದರೂ ಕೇಳಿದೆ. ಹೆಲೆನ್ ನಗಲಿಲ್ಲ. ದಿನಾ ಬೆಳಗ್ಗೆ ಹಳ್ಳಕ್ಕೆ ಇಳಿಯುವಾಗ ತಾನು ಅವನಿಗೆ ಗುಡ್ ಮಾರ್ನಿಂಗ್ ಹೇಳುತ್ತಿದ್ದೆ, ತೆಗೆಯುವ ದಿನ, ಇವತ್ತು ನಿನಗೆ ತೊಂದರೆ ಕೊಡುತ್ತಿದ್ದೇವೆ, ಮಳೆ ನೀರು ನುಗ್ಗುವ ಜಾಗ ಇದು, ಒಳ್ಳೇ ಕಡೆ ಕರೆದುಕೊಂಡು ಹೋಗುತ್ತೇವೆ ಅಂತ ಹೇಳಿದೆ ಅಂದಳು. ವಿದ್ಯಾರ್ಥಿಗಳು ನಗುತ್ತಿದ್ದರಂತೆ. ಆಮೇಲಾಮೇಲೆ ಅವರೂ ಹೇಳುವುದಕ್ಕೆ ಶುರು ಮಾಡಿದರಂತೆ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆ ಟೀ ಕಪ್ಪು ಕೆಳಗಿಟ್ಟು, "ನಿಮ್ಮ ಭಾವಂಗೆ ಫೋನ್ ಹಚ್ಚು" ಅಂದರು.

ಅಲ್ಲೇ ಮರದ ಕೆಳಗೇ ಹೂಂ ಅಂದರು. ಆದರೆ ಶರತ್ತು ಹಾಕಿದರು. ಜೆಸಿಬಿ ಹತ್ತಿರ ಬರಕೂಡದು. ಮೂಟೆ ಕಟ್ಟಕೂಡದು. ಮೊದಲು ಅಪ್ಪನಿಗೆ ಹೇಳಿ ಆಮೇಲೆ ಹಾರೆ ಮುಟ್ಟಬೇಕು. ಒಂದೊಂದು ಪದರಕ್ಕೂ ಫೋಟೋ ತೆಗೆಯಬೇಕು, ಶೈಲಾ ಹೇಳಿದ ಹಾಗೆ. "ಕೂತಿರೋರು ಹೆಂಗೆ ಕೂತಿದ್ರು ಅಂತ ನನ್ನ ಕಣ್ಣಿಗೆ ಬೀಳ್ಬೇಕು" ಅಂದರು.

ಆ ಕೊನೇ ಮಾತು ನನ್ನನ್ನು ಬಿಡಲಿಲ್ಲ. ಅತ್ತೆ ಅನು ಜೊತೆ ಐಸ್‌ಕ್ರೀಮಿಗೆ ಹೋದಾಗ ಹೆಲೆನ್‌ಳನ್ನು ಪಕ್ಕಕ್ಕೆ ಕರೆದು ಕೇಳಿದೆ, ಕೂರಿಸಿ ಹೂತವರು ಹತ್ತು ವರ್ಷದ ಮೇಲೆ ಹೇಗಿರುತ್ತಾರೆ ಅಂತ. ಅವಳು ಮೆತ್ತಗೆ ಹೇಳಿದಳು. ಎಲುಬಿಗೆ ಎಲುಬು ಹಿಡಿದುಕೊಂಡಿರುವುದು ಮಾಂಸ ಇರುವ ತನಕ. ಅದು ಹೋದ ಮೇಲೆ ತಲೆ ಮಡಿಲಿಗೆ ಬರುತ್ತೆ, ಬೆನ್ನು ಕುಸಿಯುತ್ತೆ, ಎಲ್ಲ ಕೆಳಗೆ ಸೇರುತ್ತೆ. ಕೂತವರು ಯಾರೂ ಕೂತೇ ಇರುವುದಿಲ್ಲ ಶೈಲಾ. ನನಗದು ಗೊತ್ತಿರಲಿಲ್ಲ ಅಂತಲ್ಲ, ಇನ್ನೊಬ್ಬರ ಬಾಯಿಂದ ಕೇಳುವ ತನಕ ಗೊತ್ತಿಲ್ಲ ಅಂದುಕೊಂಡಿದ್ದೆ. ಹತ್ತು ವರ್ಷದಿಂದ ಅತ್ತೆಯ ಮನಸ್ಸಿನಲ್ಲಿ ಮಾವ ನೆಟ್ಟಗೆ ಕೂತಿದ್ದಾರೆ. ಅದೊಂದು ಹೋಗಿಬಿಟ್ಟರೆ ಈ ಹೆಂಗಸಿಗೆ ಏನು ಉಳಿಯುತ್ತೆ ಅನ್ನೋ ಭಯ ನನಗೆ.

ಪರ್ತ್‌ಗೆ ವಾಪಸು ಬಂದ ಮೇಲೆ ಭಾವನಿಗೆ ಫೋಟೋ ಪಾಠ. ಸಮಾಧಿಯನ್ನು ಮುಟ್ಟುವ ಮೊದಲು ಒಂದು ಸಲ ರೂಢಿ ಮಾಡಿಕೊಳ್ಳಿ, ಎಲ್ಲಾ ಕಡೆಯಿಂದ ಫೋಟೋ ತೆಗೆದು ಕಳಿಸಿ ಅಂದೆ. ಸುಮಾರು ಫೋಟೋ ಬಂದವು. ಎಲ್ಲದರಲ್ಲೂ ಸಮಾಧಿಯ ಮುಂದೆ ನಮ್ಮ ನೆಂಟರು ಸಾಲಾಗಿ ನಿಂತಿದ್ದರು. ಭಾವ ಒಂದರಲ್ಲಿ, ಓರಗಿತ್ತಿ ಒಂದರಲ್ಲಿ, ಪಕ್ಕದ ಹೊಲದವರು ಹೊಸ ಟವೆಲ್ ಹೊದ್ದುಕೊಂಡು ಒಂದರಲ್ಲಿ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಸಮಾಧಿ ಮಾತ್ರ ಕಾಣುವುದಿಲ್ಲ. ಸಾಫ್ಟ್‌ವೇರಿಗೆ ಹಾಕಿದರೆ ಅದು ಪಕ್ಕದ ಹೊಲದವರ ಟವೆಲ್ಲನ್ನು ತುಂಬ ಚೆನ್ನಾಗಿ ಕಟ್ಟಿಕೊಟ್ಟಿತು. "ಭಾವಾ, ಜನ ಬೇಡ" ಅಂದೆ. "ಜನ ಬ್ಯಾಡ್ರಿ ಅಂದ್ರೆ ಅವ್ರು ಬೇಜಾರಾಗ್ತಾರಲ್ಲ" ಅಂದರು. ಸುತ್ತ ಬಂದು ತೆಗೆಯಬೇಕು, ಒಂದು ಫೋಟೋ ಇನ್ನೊಂದರ ಮೇಲೆ ಸ್ವಲ್ಪ ಬೀಳಬೇಕು, ಕೋನ ಹೀಗಿರಬೇಕು ಅಂತ ನಾನು ಹೇಳುತ್ತಲೇ ಇದ್ದೆ, ಅವರು ಹಾಂ ಹಾಂ ಅನ್ನುತ್ತಲೇ ಇದ್ದರು, ಯಾರ ತಲೆಗೂ ಏನೂ ಹೋಗಲಿಲ್ಲ.

ಅತ್ತೆ ಫೋನು ಕಸಿದುಕೊಂಡರು. "ಏ ಬಸಣ್ಣ, ಪ್ರದಕ್ಷಿಣೆ ಹಾಕೋ. ಹೆಜ್ಜೆಗೊಂದು ಫೋಟೋ ತೆಗಿ. ಒಂದು ಸುತ್ತು ಬಗ್ಗಿ, ಒಂದು ಸುತ್ತು ನಿಂತು, ಒಂದು ಸುತ್ತು ಕೈ ಮ್ಯಾಲೆತ್ತಿ. ಪ್ರದಕ್ಷಿಣೆ ಹಾಕೋನ ಮುಂದೆ ಯಾರನ್ನೂ ನಿಲ್ಲಿಸ್ಬ್ಯಾಡ."

ಅಷ್ಟೇ. ಮರುದಿನ ಬಂದ ಫೋಟೋಗಳು, ಹೇಳುತ್ತೇನೆ ಕೇಳಿ, ನನ್ನ ಗಣಿಯ ಹುಡುಗರು ಡ್ರೋನಿನಿಂದಲೂ ಹಾಗೆ ತೆಗೆದದ್ದಿಲ್ಲ. ಒಂದು ಹೆಜ್ಜೆ ತಪ್ಪಿಲ್ಲ, ಎಡಗಡೆಯಿಂದ ಬಲಕ್ಕೆ ಅಚ್ಚುಕಟ್ಟಾಗಿ ಸುತ್ತು. ಸಮಾಧಿ, ಅದರ ಮೇಲೆ ಬೆಳೆದ ತುಂಬೆ ಗಿಡ, ಬಿರುಕು ಬಿಟ್ಟ ಕಟ್ಟೆ, ಎಲ್ಲ ಸ್ಕ್ರೀನಿನ ಮೇಲೆ ಎದ್ದು ಬಂದವು. ಒಂದು ಮೇಕೆ ಮಾತ್ರ ಅರ್ಧ ಬಂದಿತ್ತು. ಹೆಲೆನ್‌ಗೆ ತೋರಿಸಿದರೆ, ಮುಂದಿನ ವರ್ಷದ ವಿದ್ಯಾರ್ಥಿಗಳಿಗೂ ಹೀಗೇ ಹೇಳಿಕೊಡುತ್ತೇನೆ, ಆ ಪದ ಇನ್ನೊಮ್ಮೆ ಹೇಳು ಅಂದಳು.

ತೆಗೆಯುವ ದಿನ ನವೆಂಬರಿನಲ್ಲಿ, ಸೋಮವಾರ. ಪರ್ತ್‌ನಲ್ಲಿ ಆಗಲೇ ಬಿಸಿಲು ಏರಿತ್ತು. ಅತ್ತೆ ಬೆಳಗ್ಗೆಯೇ ಸ್ನಾನ ಪೂಜೆ ಮುಗಿಸಿ, ಏನೂ ತಿನ್ನದೆ ಸೋಫಾದ ಮೇಲೆ ಕೂತಿದ್ದರು. ಭಾವ ಅಪ್ಪನಿಗೆ ಹೇಳಿದ್ದನ್ನು ಫೋನಿನಲ್ಲಿ ಕೇಳಿಸಿದರು. "ಅಪ್ಪಾ, ಇಲ್ಲಿ ರಸ್ತೆ ಬರ್ತೈತೆ. ಆ ಮೂಲೆಗೆ ಹೋಗಣ" ಅಂದು ಹಾರೆ ಎತ್ತಿಕೊಂಡರು. ಆಮೇಲೆ ಫೋಟೋಗಳು ಒಂದೊಂದಾಗಿ ಬರತೊಡಗಿದವು. ಕಟ್ಟೆ, ಕಲ್ಲು, ಮಣ್ಣು, ಗೂಡಿನ ಬಾಯಿ. ಗೂಡು ತೆರೆದ ಮೇಲಿನ ಫೋಟೋಗಳನ್ನು ನಾನೊಬ್ಬಳೇ ನೋಡಿದೆ. ಹೆಲೆನ್ ಹೇಳಿದ ಹಾಗೇ ಇತ್ತು. ಮಾಡೆಲ್ ಕಟ್ಟಿದೆ, ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಸ್ಕ್ರೀನನ್ನು ಗೋಡೆ ಕಡೆಗೆ ತಿರುಗಿಸಿ ಇಟ್ಟೆ.

ಅಷ್ಟರಲ್ಲಿ ಭಾವ ಮತ್ತೆ ಫೋನು ಮಾಡಿದರು. ಎಲುಬುಗಳನ್ನು ಹೊಸ ಬಿಳಿ ಪಂಚೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ, ಹೊಸ ಜಾಗದಲ್ಲಿ ಗುಂಡಿಯೂ ಆಗಿದೆ. ಆದರೆ ಸ್ವಾಮಿಗಳು, ಶಾಸ್ತ್ರದ ಪ್ರಕಾರ ಮತ್ತೆ ಕೂರಿಸಲೇಬೇಕು ಅನ್ನುತ್ತಾರಂತೆ. ನೆಂಟರು, ಎಲುಬನ್ನು ಹೇಗೆ ಕೂರಿಸೋದು, ಕಟ್ಟಿಗೆಯ ಆಸರೆ ಕೊಡೋಣವಾ ಅನ್ನುತ್ತಾರಂತೆ. "ಅವ್ವ ಹೆಂಗೆ ಹೇಳ್ತಾಳೋ ಹಂಗೆ" ಅಂತ ಎಲ್ಲರೂ ಹೊಲದಲ್ಲಿ ನಿಂತು ಕಾಯುತ್ತಿದ್ದಾರೆ.

ಅತ್ತೆ ನನ್ನ ಕಡೆ ನೋಡಿದರು. "ತೋರ್ಸು."

"ಅತ್ತೆ, ಫೋಟೋ ಅಷ್ಟು ಚೆನ್ನಾಗಿ ಬಂದಿಲ್ಲ. ನಾಳೆ ಸರಿ ಮಾಡಿ ತೋರಿಸ್ತೀನಿ."

"ಆ ರೋಮಿನವನ್ನ ಮೂರು ಹೊತ್ತೂ ತೋರ್ಸಿದಿ. ನನ್ನ ಗಂಡನ್ನ ತೋರ್ಸಕೆ ಏನು ನಾಚಿಕೆ?"

ಮಹೇಶ್ ಅವತ್ತು ರಜೆ ಹಾಕಿದ್ದ, ಬಂದು ಅವರ ಹಿಂದೆ ನಿಂತ. ನಾನು ಸ್ಕ್ರೀನು ತಿರುಗಿಸಿದೆ. ಗೂಡು ಕಂಡಿತು. ಗೂಡಿನ ಹಿಂದಿನ ಗೋಡೆಗೆ ಒರಗಿ ಯಾರೂ ಕೂತಿರಲಿಲ್ಲ. ಕೆಳಗೆ, ಬೂದು ಮಣ್ಣಿನಲ್ಲಿ, ಎಲ್ಲವೂ ಒಂದರ ಪಕ್ಕ ಒಂದು ಒರಗಿಕೊಂಡಿದ್ದವು. ತಲೆ ಸ್ವಲ್ಪ ಓರೆಯಾಗಿ, ಮಡಿಲಿದ್ದ ಜಾಗದಲ್ಲಿತ್ತು. ಅತ್ತೆ ಮುಂದಕ್ಕೆ ಬಗ್ಗಿ, ಕನ್ನಡಕ ಮೇಲಕ್ಕೆ ಸರಿಸಿ, ಎಷ್ಟೋ ಹೊತ್ತು ನೋಡಿದರು. "ಸುತ್ತು ತಿರುಗ್ಸು" ಅಂದರು. ತಿರುಗಿಸಿದೆ. ಇನ್ನೊಂದು ಸುತ್ತು ಅಂದರು. ಅದನ್ನೂ ತಿರುಗಿಸಿದೆ. ನನ್ನ ಕಣ್ಣಲ್ಲಿ ನೀರು ತುಂಬಿ ನನಗೇ ಏನೂ ಕಾಣುತ್ತಿರಲಿಲ್ಲ.

ಅತ್ತೆ ನಿಧಾನಕ್ಕೆ ಹಿಂದಕ್ಕೆ ಒರಗಿದರು. ಅವರ ಮುಖದಲ್ಲಿ ನಾನು ಹೆದರಿದ್ದು ಯಾವುದೂ ಇರಲಿಲ್ಲ.

"ಮಲಕ್ಕಂಡಾರೆ" ಅಂದರು. "ಮೊದಲೇ ಸೊಂಟ ನೋವಿನ ಮನುಷ್ಯ. ಎಷ್ಟು ವರ್ಷ ಅಂತ ಕೂತಿರ್ತಾರೆ?"

ಮಹೇಶ್ ಹಿಂದಿನಿಂದ ಅವರ ಭುಜ ಹಿಡಿದುಕೊಂಡ. ಫೋನಿನ ಆ ಕಡೆ ಭಾವ, "ಅವ್ವಾ? ಏನಂದಿ?" ಅಂತ ಕೇಳುತ್ತಿದ್ದರು. ಅತ್ತೆ ಫೋನನ್ನು ಬಾಯಿ ಹತ್ತಿರ ತಂದುಕೊಂಡರು.

"ಮಲಗಿಸೇ ಇಡು ಬಸಣ್ಣ. ಸ್ವಾಮ್ಯಾರಿಗೆ ನಾ ಹೇಳ್ದೆ ಅಂತ ಹೇಳು. ಇನ್ನ ಮ್ಯಾಲೆ ಅವ್ರನ್ನ ಯಾರೂ ಎಬ್ಬಿಸಂಗಿಲ್ಲ, ಯಾರೂ ಕೂರಿಸಂಗಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದರು: "ಮುಚ್ಚವ್ವ ಅದನ್ನ. ಬೆಳಕು ಕಣ್ಣಿಗೆ ಬೀಳ್ತೈತೆ ಅವ್ರಿಗೆ."